ನಮ್ಮ ಸ್ವಿಚ್ಚುಗಳಿಗೆ ನೆರೆಹೊರೆಯ ಪರಿಚಯ ಮಾಡಿಸಿದ್ದು

ಹಾಸನಕ್ಕೂ ಹೊಳೆನರಸೀಪುರಕ್ಕೂ ನಡುವೆ ಇರುವ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಹಾಪುರುಷ ನಾನೇ. ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೆ. ಮೂರು ವರ್ಷದಿಂದಲೂ ಹಂಗಾಮಿ!

ಆ ವರ್ಷ ದೆಹಲಿಯಿಂದ ತಪಾಸಣೆಯವರು ಬರುವುದಿತ್ತು. ಕಾಲೇಜಿನ ಸೆಕ್ರೆಟರಿಯವರು ನನ್ನನ್ನು ಕರೆಸಿದರು. "ನೆಟ್‌ವರ್ಕ್ ನೋಡಿ ಅವ್ರು ತಲೆದೂಗ್ಬೇಕು ಕಣ್ರೀ. ದೂಗಿದ್ರೆ ನಿಮ್ಮನ್ನ ಖಾಯಂ ಮಾಡ್ತೀನಿ" ಎಂದರು. ಇಷ್ಟೇ ತಾನೇ ಎಂದುಕೊಂಡೆ. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಖಾಯಂ ಆದವನ ಹಾಗೆ ಕಂಡಕ್ಟರನ ಹತ್ತಿರ ಗತ್ತಿನಿಂದ ಮಾತಾಡಿದ್ದೂ ಆಯಿತು.

ಕಾಲೇಜಿನಲ್ಲಿ ಏಳು ಸ್ವಿಚ್ಚುಗಳಿದ್ದವು. ಇವು ದೀಪ ಹಾಕುವ ಸ್ವಿಚ್ಚಲ್ಲ. ಕಂಪ್ಯೂಟರುಗಳ ವೈರನ್ನೆಲ್ಲ ಒಂದು ಕಡೆ ಸೇರಿಸುವ ಪೆಟ್ಟಿಗೆಗಳು. ಒಳಗೆ ಕಂಪ್ಯೂಟರಿನಲ್ಲಿರುವಂತೆ ಲಿನಕ್ಸ್ ಎಂಬ ತಂತ್ರಾಂಶ ಓಡುತ್ತಿತ್ತು. ನನ್ನ ಕೊಠಡಿಯ ಪೆಟ್ಟಿಗೆ ನಡುವೆ, ಉಳಿದ ಆರು ಸುತ್ತ. ಆದರೆ ಯಾವ ವೈರು ಯಾವ ಕೊಠಡಿಗೆ ಹೋಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಟೆಂಡರ್ ಸಣ್ಣಪ್ಪನನ್ನು ಕೇಳಿದೆ.

"ವೈರ್ ಎಳ್ದೋನು ಗೊರೂರ್ ಕಡೆಯೋನು ಸಾ. ಗೋಡೆ ಒಳೀಕ್ ತೂರ್ಸ್‌ಬುಟ್ಟು ಓದ. ಆಮೇಕೆ ಬರ್ನೇ ಇಲ್ಲ" ಎಂದ ಸಣ್ಣಪ್ಪ.

ಇದಕ್ಕೊಂದು ಉಪಾಯ ನನಗೆ ಗೊತ್ತಿತ್ತು. ಪೆಟ್ಟಿಗೆಗಳಲ್ಲಿ ಎಲ್‌ಎಲ್‌ಡಿಪಿ ಎಂಬ ಒಂದು ವ್ಯವಸ್ಥೆ ಚಾಲೂ ಮಾಡಿದರೆ ಆಯಿತು. ಪ್ರತಿಯೊಂದು ಪೆಟ್ಟಿಗೆಯೂ ಮೂವತ್ತು ಸೆಕೆಂಡಿಗೊಮ್ಮೆ ವೈರಿನ ಆ ತುದಿಯಲ್ಲಿರುವ ಪೆಟ್ಟಿಗೆಗೆ "ನಾನು ಇಂಥವನು" ಎಂದು ಹೇಳಿಕೊಳ್ಳುತ್ತದೆ. ಇದನ್ನು ಮನೆಯಲ್ಲಿ ಹೆಂಡತಿ ಗಿರಿಜಳಿಗೆ ವಿವರಿಸಿದೆ.

"ನಾವು ಈ ಮನೆಗೆ ಬಂದು ಆರು ವರ್ಷ ಆಯ್ತು. ಪಕ್ಕದ ಮನೆ ಪದ್ಮಮ್ಮನ ಗಂಡನ ಹೆಸರೇನು ಹೇಳಿ ನೋಡೋಣ" ಎಂದಳು.

ನನಗೆ ಗೊತ್ತಿರಲಿಲ್ಲ. ಪದ್ಮಮ್ಮ ನಮ್ಮ ಸಣ್ಣಪ್ಪನ ಅಕ್ಕ ಎಂಬುದಷ್ಟೇ ಗೊತ್ತಿತ್ತು.

"ನೀವು ಪೆಟ್ಟಿಗೆಗಳಿಗೆ ಅಕ್ಕಪಕ್ಕದವರ ಪರಿಚಯ ಮಾಡಿಸ್ತೀರಿ. ಸರಿ, ಊಟಕ್ಕೇಳಿ" ಎಂದಳು ಗಿರಿಜ.

ಮರುದಿನ ಬೆಳಿಗ್ಗೆ ನನ್ನ ಪೆಟ್ಟಿಗೆಯಲ್ಲಿ ವ್ಯವಸ್ಥೆ ಚಾಲೂ ಮಾಡಿ ಕಾದೆ. ಮೂವತ್ತು ಸೆಕೆಂಡಾಯಿತು. ಮೂವತ್ತು ನಿಮಿಷವಾಯಿತು. ಒಬ್ಬ ನೆರೆಯವನೂ ಬರಲಿಲ್ಲ. ಉಳಿದ ಆರು ಪೆಟ್ಟಿಗೆಗಳಲ್ಲೂ ಚಾಲೂ ಮಾಡಬೇಕೆಂಬುದು ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಲ್ಲಿಯವರೆಗೆ ನನ್ನ ಪೆಟ್ಟಿಗೆ ಕಿವುಡರ ಮುಂದೆ ತನ್ನ ಹೆಸರು ಹೇಳಿಕೊಳ್ಳುತ್ತ ಕೂತಿತ್ತು.

ಆರೂ ಕಡೆ ಓಡಾಡುವುದೇಕೆ ಎಂದು ಜಾಣತನ ಮಾಡಿ, ನನ್ನ ಪೆಟ್ಟಿಗೆಯ ಸೆಟ್ಟಿಂಗುಗಳಿರುವ ಕಡತವನ್ನೇ ಎಲ್ಲದಕ್ಕೂ ನಕಲು ಮಾಡಿದೆ. ಕಡತದ ಜೊತೆ ಹೆಸರೂ ಹೋಯಿತು. ಈಗ ಏಳು ಪೆಟ್ಟಿಗೆಗಳಿಗೂ ಒಂದೇ ಹೆಸರು! ಪರದೆಯ ಮೇಲೆ ನೋಡಿದರೆ ನನಗೆ ಆರು ಜನ ನೆರೆಯವರು, ಆರೂ ನಾನೇ.

ಹೆಸರಿನ ಬದಲು ಬರೀ ನಂಬರ್ ಹಾಕಲು ಹೊರಟೆ. ಸಣ್ಣಪ್ಪ ಹಿಂದೆ ನಿಂತು ನೋಡುತ್ತಿದ್ದ. "ನಂಬರ್ ಆಕ್‌ಬ್ಯಾಡಿ ಸಾ, ನೆಪ್ಪಿರಾಕಿಲ್ಲ. ನಮ್ ಅರದನಳ್ಳೀಲಿ ಮನೆ ನಂಬರ್ ಕೇಳ್ಕಂಡ್ ಬಂದೋನು ಸಂಜೆಗಂಟ ತಿರುಗ್ತಾನೆ. ಕುಂಟು ಎಮ್ಮೆ ಮನೆ ಅನ್ನಿ, ಮಕ್ಳೂ ತೋರುಸ್ತವೆ" ಎಂದ.

ಮಾತು ಸರಿ ಎನ್ನಿಸಿತು. ಪ್ರತಿ ಪೆಟ್ಟಿಗೆಗೂ ಒಂದು ಹೆಸರು, ಜೊತೆಗೆ ಒಂದು ಸಾಲು ವಿವರಣೆ ಬರೆಯಲು ಅವಕಾಶವಿತ್ತು. ಹೆಸರಿನ ಜಾಗದಲ್ಲಿ ಗಂಭೀರವಾಗಿ ಒಂದು, ಎರಡು ಎಂದು ಹಾಕಿ, ವಿವರಣೆಯನ್ನು ಸಣ್ಣಪ್ಪ ಹೇಳಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದಲ್ಲೇ ತುಂಬಿಸಿದೆ. ಪ್ರಿನ್ಸಿಪಾಲರದು, "ಊಟ ಆದಮೇಲೆ ನಿದ್ದೆ ಮಾಡುವವರ ರೂಮು." ಆಫೀಸು, "ಕೇಳಿದ ಫೈಲು ಸಿಗದ ಕಡೆ." ಸ್ಟಾಫ್ ರೂಮು, "ಮಾತು ಬಿಟ್ಟ ಇಬ್ಬರು ಮೇಷ್ಟ್ರು ಬೆನ್ನು ಮಾಡಿ ಕೂರುವ ಜಾಗ." ಸೆಕ್ರೆಟರಿಯವರದು, "ಎ.ಸಿ. ಓಡುತ್ತಿರುತ್ತದೆ, ಒಳಗೆ ಯಾರೂ ಇರಲ್ಲ." ಲೈಬ್ರರಿ, "ಬೀಗ." ಲ್ಯಾಬಿನ ಬಗ್ಗೆ ಬರೆದದ್ದನ್ನು ಇಲ್ಲಿ ಹೇಳುವುದು ಬೇಡ.

ಕೊನೆಗೆ ನನ್ನ ಕೊಠಡಿ ಉಳಿಯಿತು. ಸಣ್ಣಪ್ಪನನ್ನು ಕಾಫಿ ತರಲು ಕಳಿಸಿ, ನಾನೊಬ್ಬನೇ ಕೂತು ಬರೆದೆ: "ಖಾಯಂ ನೆಟ್‌ವರ್ಕ್ ಅಧಿಕಾರಿಗಳ ಕೊಠಡಿ." ಇನ್ನೇನು ಆಗೇ ಆಗುತ್ತದಲ್ಲ!

ವಿವರಣೆ ನನ್ನ ನೆನಪಿಗಷ್ಟೇ, ಪೆಟ್ಟಿಗೆಯ ಹೊಟ್ಟೆಯೊಳಗೇ ಇರುತ್ತದೆ ಎಂದು ನಂಬಿದ್ದೆ. ಈ ವ್ಯವಸ್ಥೆ ಕಲಿತ ಪುಸ್ತಕದಲ್ಲಿ ಮುಂದಿನ ಪುಟ ಓದಿದ್ದರೆ, ಅದನ್ನೂ ಮೂವತ್ತು ಸೆಕೆಂಡಿಗೊಮ್ಮೆ ನೆರೆಯವರಿಗೆ ಹೇಳುತ್ತದೆ ಎಂದು ತಿಳಿಯುತ್ತಿತ್ತು. ನಾನು ಓದಲಿಲ್ಲ.

ತಪಾಸಣೆಯ ದಿನ ಬಂತು. ಸೆಮಿನಾರ್ ಹಾಲಿನಲ್ಲಿ ದೊಡ್ಡ ಪರದೆ. ಮುಂದಿನ ಸಾಲಿನಲ್ಲಿ ದೆಹಲಿಯ ಮೂವರು, ಪಕ್ಕದಲ್ಲಿ ಪ್ರಿನ್ಸಿಪಾಲರು, ಸೆಕ್ರೆಟರಿಯವರು. ಹಿಂದೆ ಇಡೀ ಸ್ಟಾಫು. ನಾನು ನೆರೆಹೊರೆಯ ಪಟ್ಟಿ ತೋರಿಸಿದೆ. ಒಂದು, ಎರಡು, ಮೂರು, ಆರೂ ಪೆಟ್ಟಿಗೆಗಳು ಅಚ್ಚುಕಟ್ಟಾಗಿ ಬಂದವು. ದೆಹಲಿಯವರಲ್ಲಿ ಹಿರಿಯರೊಬ್ಬರು ತಲೆದೂಗಿದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಆ ಹಿರಿಯರಿಗೆ ವಿದ್ಯೆ ಗೊತ್ತಿತ್ತು. "ವಿವರವಾಗಿ ತೋರಿಸಿ" ಎಂದರು. ತೋರಿಸಿದೆ.

ಪರದೆಯ ತುಂಬ ಸಣ್ಣಪ್ಪನ ಸಾಹಿತ್ಯ!

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮಾತು ಬಿಟ್ಟಿದ್ದ ಇಬ್ಬರು ಮೇಷ್ಟ್ರು ಎರಡು ವರ್ಷದ ಮೇಲೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಿನ್ಸಿಪಾಲರು ತುಟಿಯಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. "ನಿದ್ದೆ"ಗೆ ಬರುವಷ್ಟರಲ್ಲಿ ತುಟಿ ನಿಂತಿತು. ಸೆಕ್ರೆಟರಿಯವರು ಕನ್ನಡಕ ಒರೆಸಿ ಹಾಕಿಕೊಂಡರು.

ದೆಹಲಿಯವರಿಗೆ ಕನ್ನಡ ಬರುತ್ತಿರಲಿಲ್ಲ. ಇದೇನೆಂದು ಕೇಳಿದರು. "ಸ್ಥಳದ ವಿವರ, ಸರ್. ಸ್ಥಳೀಯ ಭಾಷೆಯಲ್ಲಿ" ಎಂದೆ. ಅವರಿಗೆ ಬಲು ಖುಷಿಯಾಯಿತು. ಇಂಥದ್ದನ್ನು ಎಲ್ಲೂ ಕಂಡಿಲ್ಲ ಎಂದು ಬರೆದುಕೊಂಡರು. "ನಿಮ್ಮ ಬಗ್ಗೆ ನೆರೆಯವರಿಗೆ ಏನು ಗೊತ್ತು, ಅದನ್ನೂ ತೋರಿಸಿ" ಎಂದರು. ವಿಧಿಯಿಲ್ಲದೆ ಸೆಕ್ರೆಟರಿಯವರ ಕೊಠಡಿಯ ಪೆಟ್ಟಿಗೆಯೊಳಕ್ಕೆ ಹೋಗಿ ಅದರ ನೆರೆಯವನನ್ನು ಕೇಳಿದೆ. ಖಾಯಂ ಅಧಿಕಾರಿಗಳ ಕೊಠಡಿ ಪರದೆಯ ಮೇಲೆ ಬಂದು ನಿಂತಿತು. ಅಲ್ಲೇ ಭೂಮಿ ಬಾಯಿ ಬಿಟ್ಟಿದ್ದರೆ ಮೊದಲು ಇಳಿಯುತ್ತಿದ್ದವನು ನಾನು.

ದೆಹಲಿಯವರು ಊಟ ಮುಗಿಸಿ, ನೆಟ್‌ವರ್ಕನ್ನು ಮತ್ತೊಮ್ಮೆ ಹೊಗಳಿ ಕಾರು ಹತ್ತಿದರು. ಸೆಕ್ರೆಟರಿಯವರು ನನ್ನನ್ನು ಕರೆಸಿದರು. ಎ.ಸಿ. ಓಡುತ್ತಿತ್ತು, ಒಳಗೆ ಅವರೂ ಇದ್ದರು. ಸಣ್ಣಪ್ಪ ಬಾಗಿಲ ಹತ್ತಿರ ಲೋಟ ಹಿಡಿದು ನಿಂತಿದ್ದ.

"ಸರ್, ತಪ್ಪಾಯ್ತು. ಏಳನ್ನೂ ಈಗಲೇ ಅಳಿಸಿಬಿಡ್ತೀನಿ" ಎಂದೆ.

"ಏಳೂ ಯಾಕ್ರೀ?" ಎಂದರು ಅವರು, ಬಹಳ ಶಾಂತವಾಗಿ. "ಆರು ಸರಿಯಾಗೇ ಇದಾವೆ. ಪ್ರಿನ್ಸಿಪಾಲ್ರು ನಿದ್ದೆ ಮಾಡೋದು ನಿಜ. ಫೈಲು ಸಿಗದೇ ಇರೋದೂ ನಿಜ. ನಾನು ರೂಮಲ್ಲಿ ಇರಲ್ಲ, ಅದೂ ನಿಜ. ನಿಮ್ಮ ರೂಮಿಂದು ಒಂದೇ ಸುಳ್ಳು. ಅದನ್ನ ತಿದ್ದಿ."

ನನ್ನ ಕೊಠಡಿಗೆ ಬಂದು ಮೇಜು ಒರೆಸಿದೆ, ಬಿದ್ದಿದ್ದ ವೈರುಗಳನ್ನೆಲ್ಲ ಒಂದೊಂದಾಗಿ ಸುತ್ತಿಟ್ಟೆ. ಆಮೇಲೆ "ಖಾಯಂ" ಅಳಿಸಿ "ಹಂಗಾಮಿ" ಎಂದು ಬರೆದೆ. ಅರ್ಧ ನಿಮಿಷದಲ್ಲಿ ಆರು ಪೆಟ್ಟಿಗೆಗಳಿಗೂ ಸುದ್ದಿ ಮುಟ್ಟಿತು. ಈ ವ್ಯವಸ್ಥೆ ಮಾತ್ರ ಒಂದು ದಿನವೂ ಕೈಕೊಡಲಿಲ್ಲ.

ಸಂಜೆ ಮನೆಗೆ ಬಂದಾಗ ಗಿರಿಜ ಕೇಸರಿಬಾತು ಮಾಡಲು ತೆಗೆದಿಟ್ಟಿದ್ದ ರವೆಯಲ್ಲಿ ಉಪ್ಪಿಟ್ಟು ಮಾಡಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಇರಲಿ ಬಿಡಿ, ಕೈಕಾಲು ತೊಳ್ಕೊಂಡು ಬನ್ನಿ" ಎಂದಳು.

"ನಿನಗೆ ಹೇಗೆ ಗೊತ್ತಾಯ್ತು?"

"ಪದ್ಮಮ್ಮ ಹೇಳಿದ್ರು. ಸಣ್ಣಪ್ಪ ಫೋನ್ ಮಾಡಿದ್ನಂತೆ, ಮೂರು ಗಂಟೆಗೆ."

ನಾನು "ಹಂಗಾಮಿ" ಎಂದು ಟೈಪ್ ಮಾಡಿದ್ದು ನಾಲ್ಕು ಗಂಟೆಗೆ.