ಮಿಯೋಶಿಯ ಮೂರು ಕನ್ನಡಿ

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮಿಯೋಶಿ ತೆತ್ಸುರೊ ಸೈಕಲ್ಲಿಗೆ ಕನ್ನಡಿ ಹಾಕಿಸಲು ಮನೆಯಿಂದ ಹೊರಟ. ಶುಕ್ರವಾರ ಸಂಜೆ ಹಿಂದಿನಿಂದ ಬಂದ ಲಾರಿಯೊಂದು ಅವನ ಬಲತೋಳನ್ನು ಸವರಿಕೊಂಡು ಹೋಗಿತ್ತು. ಗಾಯವಾಗಿರಲಿಲ್ಲ, ಅಂಗಿ ಹರಿದಿತ್ತು. ಹೆಂಡತಿ ಫುಮಿಕೊ ಬೆಳಗಿನ ಮಿಸೊ ಸಾರಿನ ಜೊತೆ ತೀರ್ಪನ್ನೂ ಬಡಿಸಿದ್ದಳು.

"ಕನ್ನಡಿ ಹಾಕಿಸ್ಕೊಳ್ರೀ. ಸಂಜೆ ಹೊಳೆ ಸೇತುವೆವರೆಗೆ ಹೋಗಿ ನೆಟ್ಟಗೆ ವಾಪಸ್ ಬಂದ್ರೆ ಸೈಕಲ್ಲು. ಇಲ್ಲಾಂದ್ರೆ ನಾಳೆಯಿಂದ ರೈಲು."

ಅವರ ಊರು ತಕಾಮಾತ್ಸುವಿನಲ್ಲಿ ರೈಲಿಗೆ ಕೊರತೆಯಿಲ್ಲ. ಆದರೆ ಮಿಯೋಶಿಗೆ ಸೈಕಲ್ಲೇ ಬೇಕಿತ್ತು. ಕಚೇರಿಯಲ್ಲಿ ಅವನದು ನಲ್ಲಿ ನೀರಿನ ದೂರು ಕೇಳುವ ಫೋನು. ಮನೆಯಲ್ಲಿ ಫುಮಿಕೊ ಮತ್ತು ಅವಳ ತಾಯಿ. ಇವೆರಡರ ನಡುವೆ ಸೈಕಲ್ ಮೇಲೆ ಕಳೆಯುವ ನಲವತ್ತು ನಿಮಿಷ ಮಾತ್ರ ಯಾರೂ ಅವನಿಗೆ ಏನೂ ಹೇಳುತ್ತಿರಲಿಲ್ಲ.

ಸೈಕಲ್ ಅಂಗಡಿಯ ಒಸಾಕೆ ಡಾಕ್ಟರಂತೆ ಗಂಭೀರವಾಗಿ ಕೇಳಿಸಿಕೊಂಡ.

"ನಾವು ಎಡಗಡೆ ಓಡಿಸೋರು. ವಾಹನ ಬಲಗಡೆಯಿಂದ ಮುಂದೆ ಹೋಗುತ್ತೆ. ಹಾಗಾಗಿ ಕನ್ನಡಿ ಬಲ ಹಿಡಿಗೆ. ಉಬ್ಬುಗನ್ನಡಿ ತಗೊಳ್ಳಿ, ರಸ್ತೆ ಪೂರ್ತಿ ಕಾಣುತ್ತೆ. ಆದ್ರೆ ಒಂದು ನೆನಪಿರ್ಲಿ. ಲಾರಿ ಇಲಿಯಷ್ಟು ಕಂಡ್ರೂ ಅದು ಲಾರೀನೇ. ಕಾಣೋದಕ್ಕಿಂತ ಹತ್ರಾನೇ ಇರುತ್ತೆ."

ಕನ್ನಡಿ ಸರಿಯಾಗಿಯೇ ಇತ್ತು. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಿರುವಿನಲ್ಲಿ ಕ್ಷೌರದ ಅಂಗಡಿಯ ಮುದುಕ ಅಕುತ್ಸು ನಿಂತಿದ್ದ.

"ಏನ್ ಮಿಯೋಶಿ, ಸೈಕಲ್ಲಿಗೆ ಚಮಚ ಕಟ್ಕೊಂಡಿದೀಯಾ?" ಎಂದು ಒಳಗೆ ಹೋಗಿ ಊಟದ ತಟ್ಟೆಯಷ್ಟು ದೊಡ್ಡ ಕನ್ನಡಿ ತಂದ. "ನಮ್ಮಪ್ಪನ ಕಾಲದ್ದು. ಇದ್ದದ್ದು ಇದ್ದ ಹಾಗೆ ತೋರ್ಸುತ್ತೆ. ಇಟ್ಕೋ."

ಅದನ್ನು ಮುದುಕನೇ ತಂತಿಯಿಂದ ಹ್ಯಾಂಡಲ್ ನಡುವೆ ಬಿಗಿದ. ಅದರಲ್ಲಿ ಮಿಯೋಶಿಯ ಗದ್ದ ಮಾತ್ರ ಕಾಣುತ್ತಿತ್ತು, ಇದ್ದ ಹಾಗೆಯೇ.

ಎದುರು ಮನೆಯ ತಾನಿಗಾವ ಅಮ್ಮ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಅವರೂ ಒಂದು ಡಬ್ಬಿ ಹಿಡಿದು ಬಂದರು.

"ನನ್ನ ಮಗ ತೈವಾನಿಂದ ತಂದದ್ದು ಕಣಪ್ಪ. ಸುಮ್ನೆ ಕೂತಿದೆ. ನಿನ್ನ ಜೀವಕ್ಕಿಂತ ಹೆಚ್ಚಾ?"

ತೈವಾನಿನಲ್ಲಿ ಬಲಗಡೆ ಓಡಿಸುತ್ತಾರೆ. ಆ ಕನ್ನಡಿ ಎಡ ಹಿಡಿಗೆ ಮಾತ್ರ ಕೂರುತ್ತಿತ್ತು. ಅದರಲ್ಲಿ ಕಾಂಪೌಂಡ್ ಗೋಡೆಗಳೂ ಒಣಹಾಕಿದ ಬಟ್ಟೆಗಳೂ ಸ್ಪಷ್ಟವಾಗಿ ಕಂಡವು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಆ ಕೇರಿಯಲ್ಲಿ ನಡೆಯದು. ತೆಗೆದುಕೊಂಡು ಬಳಸದೆ ಇರುವುದಂತೂ ಸಾಧ್ಯವೇ ಇಲ್ಲ, ಏಕೆಂದರೆ ಕೊಟ್ಟವರ ಬಾಗಿಲ ಮುಂದೆಯೇ ಅವನ ದಾರಿ ಇತ್ತು.

ನಾಲ್ಕು ಗಂಟೆಗೆ ಮೂರೂ ಕನ್ನಡಿಗಳೊಂದಿಗೆ ಅವನು ಸೇತುವೆಯ ಕಡೆಗೆ ಹೊರಟ. ಕೇರಿ ಸಂಘದ ಅಧ್ಯಕ್ಷ ಕುಶಿಡಾ ಎದುರಾದ.

"ಮದುವೆ ದಿಬ್ಬಣಕ್ಕೆ ಹೊರಟ ಹಾಗಿದೀರಲ್ಲ! ಆರಕ್ಕೆ ಸಂಘದ ಸಭೆ, ಗೊತ್ತಲ್ಲ?"

"ಐದೂವರೆಗೇ ಬಂದ್ಬಿಡ್ತೀನಿ."

ಇಷ್ಟು ವರ್ಷ ಹಿಂದೆ ಯಾರು ಬರುತ್ತಿದ್ದರೋ ಮಿಯೋಶಿಗೆ ಕಾಣುತ್ತಿರಲಿಲ್ಲ. ಕಾಣದವರಿಗೆ ಮರ್ಯಾದೆ ತೋರಿಸಬೇಕಾದ್ದೂ ಇರಲಿಲ್ಲ. ಈಗ ಬಲಗನ್ನಡಿಯಲ್ಲಿ ಒಂದು ಟ್ಯಾಕ್ಸಿ ಕಂಡಿತು. ತನ್ನಿಂದಾಗಿ ಒಬ್ಬರು ಕಾಯುತ್ತಿರುವುದನ್ನು ಕಣ್ಣಾರೆ ಕಂಡೂ ತುಳಿಯುತ್ತಿರಲು ಅವನಿಂದಾಗಲಿಲ್ಲ. ಇಳಿದು, ಪಕ್ಕಕ್ಕೆ ಸರಿದು, ತಲೆಬಾಗಿ ದಾರಿ ಬಿಟ್ಟ. ಹತ್ತಿದ. ತೋಫು ವ್ಯಾನು ಕಂಡಿತು. ಇಳಿದ, ಬಾಗಿದ. ಬಸ್ಸು ಬಂತು. ಅದರ ಚಾಲಕ ನಿಲ್ಲಿಸಿ ತಿರುಗಿ ಬಾಗಿದ. ಮಿಯೋಶಿ ಮತ್ತೆ ಬಾಗಿದ. ಬಸ್ಸಿನ ಹಿಂದೆ ನಿಂತವರಿಗೂ ಬಾಗಬೇಕಾಯಿತು. ಉಬ್ಬುಗನ್ನಡಿಯಲ್ಲಿ ದೂರ ಹತ್ತಿರ ತಿಳಿಯದೆ, ನಿಂತೇ ಇದ್ದ ಖಾಲಿ ಲಾರಿಯೊಂದಕ್ಕೂ ಬಹಳ ಹೊತ್ತು ದಾರಿ ಬಿಟ್ಟುಕೊಂಡು ನಿಂತಿದ್ದ.

ತಳ್ಳುಗಾಡಿ ಊರಿಕೊಂಡು ಬಂದ ಅಜ್ಜಿಯೊಬ್ಬಳು ಅವನನ್ನು ಹಿಂದೆ ಹಾಕಿದಳು.

"ಯಾಕಪ್ಪಾ, ಪಂಕ್ಚರಾ?"

"ಇಲ್ಲಜ್ಜಿ. ಕನ್ನಡಿ."

ಮನೆ ಸೇರಿದಾಗ ಏಳೂವರೆ. ಫುಮಿಕೊ ದೀಪದ ಕೆಳಗೆ ನಿಲ್ಲಿಸಿ ಎರಡೂ ತೋಳು ತಿರುಗಿಸಿ ನೋಡಿದಳು. ಒಂದು ನೂಲೂ ಕಿತ್ತಿರಲಿಲ್ಲ.

"ಸರಿ. ಸೈಕಲ್ಲೇ ಇರ್ಲಿ" ಎಂದಳು.

ಮಿಯೋಶಿ ಬಿಯರ್ ಬಾಟಲಿ ತೆರೆಯುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಹೊರಗೆ ಕುಶಿಡಾ, ಅಕುತ್ಸು, ತಾನಿಗಾವ ಅಮ್ಮ. ಕುಶಿಡಾನ ಎರಡೂ ಕೈ ಮೇಲೆ ಒಂದು ಹಳದಿ ಬಾವುಟ, ಒಂದು ತೋಳುಪಟ್ಟಿ.

"ಅಭಿನಂದನೆಗಳು ಮಿಯೋಶಿಯವ್ರೇ. ಶಾಲೆ ಹತ್ರ ಮಕ್ಕಳನ್ನ ರಸ್ತೆ ದಾಟಿಸೋಕೆ ಯಾರು ನಿಲ್ತೀರಿ ಅಂತ ಸಭೇಲಿ ಕೇಳ್ದೆ. ಬಂದಿದ್ದವ್ರೆಲ್ಲ ಸೂರು ನೋಡ್ತಾ ಕೂತ್ರು. ಬರದೇ ಇದ್ದವ್ರು ನೀವೊಬ್ರೇ."

"ರಸ್ತೆ ಮೇಲೆ ನಿನಗಿರೋ ಕಾಳಜಿ ಇನ್ಯಾರಿಗಿದೆ ಅಂದೆ ನಾನು" ಎಂದ ಅಕುತ್ಸು.

"ಒಬ್ರೂ ಬೇಡ ಅನ್ಲಿಲ್ಲ ಕಣಪ್ಪ" ಎಂದು ತಾನಿಗಾವ ಅಮ್ಮ ಕಣ್ಣೊರೆಸಿಕೊಂಡರು.

ಮಿಯೋಶಿ ಮೂವರಿಗೂ ಬಾಗಿ ಬಾವುಟ ತೆಗೆದುಕೊಂಡ. "ಎಷ್ಟು ದಿನ?"

"ಎರಡೇ ವರ್ಷ. ಬೆಳಗ್ಗೆ ಏಳೂಕಾಲಿಂದ ಎಂಟು."

ಕಚೇರಿ ಎಂಟೂವರೆಗೆ. ಸೈಕಲ್ಲಿಗೆ ನಲವತ್ತು ನಿಮಿಷ. ಒಳಗಿನಿಂದ ಫುಮಿಕೊ ಅವನಿಗಿಂತ ಮೊದಲೇ ಲೆಕ್ಕ ಮುಗಿಸಿದಳು.

"ಹಾಗಾದ್ರೆ ರೈಲೇ ಆಯ್ತಲ್ರೀ."

ಸೋಮವಾರ ಏಳೂಕಾಲಿಗೆ ಮಿಯೋಶಿ ಬಾವುಟ ಹಿಡಿದು ಶಾಲೆಯ ಮುಂದೆ ನಿಂತ. ಎಂಟರೊಳಗೆ ರಸ್ತೆ ದಾಟಿದ ದೊಡ್ಡವರಲ್ಲಿ ಅವನಿಗೆ ಏನನ್ನಾದರೂ ಹೇಳದೆ ಹೋದವರು ಯಾರೂ ಇರಲಿಲ್ಲ. ಇಬ್ಬರು ತಮ್ಮ ಮನೆಯ ನಲ್ಲಿಯ ದೂರು ಹೇಳಿದರು.