ವಿದೇಶಾಂಗ ಮಂತ್ರಿಯ ನೀಲಿ ಅಂಗಿ

ನೀಮಾ ಬಾಜಿ ವಿದೇಶಾಂಗ ಮಂತ್ರಿಯಾದ ವಾರವೇ, ತನ್ನ ತಾಯಿ ಕೈಯಾರೆ ನೀಲಿಯಲ್ಲಿ ಅದ್ದಿದ ಬಟ್ಟೆಯನ್ನು ಸೆರೆಕುಂಡ ಸಂತೆಯ ದರ್ಜಿ ಮೋದು ಫಾಯ್‌ನ ಕೈಗಿತ್ತು, "ಉದ್ದ ಅಂಗಿ ಹೊಲಿ" ಎಂದಿದ್ದಳು.

ಐದು ವರ್ಷ ಕಳೆಯಿತು. ಆಕೆ ಅಡಿಸ್ ಅಬಾಬಕ್ಕೆ ಹೋದಳು, ಜಿನೀವಾಕ್ಕೆ ಹೋದಳು, ಎರಡು ದೇಶಗಳ ಗಡಿಜಗಳ ಬಿಡಿಸಿ ಬಂದಳು. ಬಟ್ಟೆ ಮಾತ್ರ ಗಂಟಿನಿಂದಾಚೆ ಬರಲಿಲ್ಲ. ಕೇಳಿದಾಗಲೆಲ್ಲ ಮೋದು, "ನಾಳೆ ಕೊಡ್ತೀನಕ್ಕ" ಅನ್ನುವನು. ನಾಳೆ ಆಕೆ ವಿಮಾನದಲ್ಲಿ. ಸಿಟ್ಟಾಗುವ ಹಾಗೂ ಇಲ್ಲ. ಅವಳು ಜೋಲಾ ಬುಡಕಟ್ಟಿನವಳು, ಇವನು ಸೆರೇರ್. ಈ ಎರಡು ಬುಡಕಟ್ಟುಗಳಿಗೆ ಅಜ್ಜಂದಿರ ಕಾಲದಿಂದ ತಮಾಷೆಯ ನಂಟು. ಗುಲಾಮ ಅಂತ ಬೈದರೂ ನಗಬೇಕು, ಬಾಗಿಲಿಗೆ ಬಂದರೆ ಅಟ್ಟಬಾರದು.

ಒಂದು ದಿನ ಬೆಳಗ್ಗೆಯೇ ನೀಮಾಳ ಫೋನು.

"ಲೋ ಸೆರೇರ್ ಗುಲಾಮ, ಸಂಜೆ ವಿಮಾನ. ನಾಲ್ಕಕ್ಕೆ ಬರ್ತೀನಿ. ಅಂಗಿ ಇಲ್ದಿದ್ರೆ ನಿನ್ ಚರ್ಮಾನೇ ಹೊದ್ಕೊಂಡು ಹೋಗ್ತೀನಿ!"

"ಗುಲಾಮಳು ನೀನು ಕಣಕ್ಕ! ಗುಂಡಿ ಒಂದೇ ಬಾಕಿ" ಎಂದು ಸುಳ್ಳು ಹೇಳಿದ ಮೋದು, ಗಂಟು ಎಲ್ಲಿದೆಯೆಂದು ಹುಡುಕಲು ಓಡಿದ.

ಪಕ್ಕದಲ್ಲಿ ಕಡಲೆಕಾಯಿ ಮಾರುವ ತಿದಾ ಇಣುಕಿದಳು. "ಕೊರಳು ಅಗಲ ಇಡೋ. ಮಂತ್ರಿ ಆದ್ಮೇಲೆ ತಲೆ ದಪ್ಪ ಆಗಿರತ್ತೆ."

"ಸಣ್ಣದು ಮಾಡು, ಚಿಂತೇಲಿ ಸೊರಗಿದಾಳೆ" ಎಂದ ಎದುರಿನ ರೇಡಿಯೋ ರಿಪೇರಿಯ ಕರಾಮೋ.

ಇಬ್ಬರ ಮಾತಿಗೂ ಹೂಂಗುಟ್ಟುತ್ತ ಮೋದು ಎರಡು ಎಡತೋಳು ಕತ್ತರಿಸಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಗಂಟೆ ಮೂರೂವರೆ. ಬುಟ್ಟಿ ಕವುಚಿದ ಕೋಳಿಯ ಹಾಗೆ ಅಂಗಡಿಯೊಳಗೇ ಸುತ್ತತೊಡಗಿದ.

"ಬನ್ರೋ, ಕೇಳ್ರೋ!" ಕರಾಮೋ ಬ್ಯಾಟರಿ ರೇಡಿಯೋ ಎತ್ತಿ ಹಿಡಿದ. ಸಂಪುಟ ಬದಲಾಗಿತ್ತು. ನೀಮಾ ಬಾಜಿಯನ್ನು ಕೈಬಿಟ್ಟಿದ್ದರು.

"ಪಾಪ!" ಎಂದಳು ತಿದಾ.

"ಪಾಪ ಏನು ಬಂತು? ವಿಮಾನ ಇಲ್ಲ ಅಂದ್ರೆ ಅಂಗಿಗೆ ಏನವಸರ?" ಮೋದು ತೋಳುಗಳನ್ನು ಮೇಜಿನಡಿ ತಳ್ಳಿ, ಕುಣಿಯುತ್ತ ಇದ್ದಿಲ ಒಲೆಯ ಮೇಲೆ ಚಹಾ ಇಟ್ಟ.

ಸರಿಯಾಗಿ ನಾಲ್ಕಕ್ಕೆ ಬಾಡಿಗೆ ಕಾರೊಂದು ನಿಂತಿತು. ಬಾವುಟವಿಲ್ಲ, ಕಾವಲಿನವರಿಲ್ಲ. ನೀಮಾ ಇಳಿದಳು, ಕಂಕುಳಲ್ಲಿ ಒಂದು ಸ್ಟೂಲು. ಅಂಗಡಿಯ ನಡುವೆ ಅದನ್ನು ಹಾಕಿ ಕೂತಳು.

"ಅಕ್ಕಾ, ನಾಳೆ..."

"ನಾಳೆ, ನಾಡಿದ್ದು, ಯಾವತ್ತಾದ್ರೂ ಕೊಡು. ನಾನಿನ್ನು ಯಾವ ದೇಶಕ್ಕೂ ಹೋಗೋದಿಲ್ಲ."

ಅವಳು ಬಂದು ಕೂತ ಸುದ್ದಿ ಸಂತೆಯೆಲ್ಲ ಹಬ್ಬಿತು. ಮೋದುವಿನ ಬಳಿ ಬಟ್ಟೆ ಕೊಟ್ಟು ಕಾದು ಸೋತಿದ್ದ ಹನ್ನೊಂದು ಹೆಂಗಸರು ಬಾಗಿಲಲ್ಲಿ ಕೂಗಾಡತೊಡಗಿದರು. ನೀಮಾ ಕೈ ಎತ್ತಿದಳು, ಗದ್ದಲ ನಿಂತಿತು. ಚೀಲದಿಂದ ಕಾಗದ ತೆಗೆದು ಒಬ್ಬೊಬ್ಬರ ಹೆಸರು, ಬಟ್ಟೆ ಕೊಡಬೇಕಾದ ತಾರೀಕು ಬರೆದು ಮೋದುವಿನ ರುಜು ಹಾಕಿಸಿದಳು. ಗಡಿಜಗಳಕ್ಕೂ ಅವಳು ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲವಂತೆ.

"ನಿನ್ನ ಹೆಸರೆಲ್ಲಕ್ಕ?" ಎಂದ ಮೋದು ಸಣ್ಣ ದನಿಯಲ್ಲಿ.

"ನಂದು ಎಲ್ಲರಿಗಿಂತ ಕೊನೆಗೆ ಕಣೋ" ಎಂದು ಅವಳು ಅವನ ಚಹಾ ಎತ್ತಿಕೊಂಡಳು. "ಅಲ್ಲೀತನಕ ದಿನಾ ಬಂದು ಇಲ್ಲೇ ಕೂತಿರ್ತೀನಿ."