ತಪ್ಪು ಹಿಡಿಯುವ ಪ್ರೋಗ್ರಾಂ

ಎಂಬತ್ತರ ದಶಕದಲ್ಲಿ ಸೇಡಂ ಸೀಮೆಯ ನಮ್ಮ ಸಿಮೆಂಟ್ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದಕ್ಕೆ ಏ.ಸಿ. ಕೋಣೆ, ನಮಗೆ ಬರಿಗಾಲು! ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಂತೆ ಹೋಗಬೇಕು. ಕಾರ್ಮಿಕರ ವಾರದ ಡ್ಯೂಟಿ ಚಾರ್ಟ್ ಅಚ್ಚು ಮಾಡುವ ಪ್ರೋಗ್ರಾಂ ಬರೆಯಲು ನಾವು ನಾಲ್ಕು ಜನ. ನಮ್ಮಲ್ಲಿ ಹಿರಿಯರು ಖಾಜಾಭಾಯಿ, ಬುದ್ಧಿವಂತ ನಾನು. ಹೀಗೆಂದು ನಾನೇ ತೀರ್ಮಾನಿಸಿದ್ದೆ.

ಒಬ್ಬರು ಏನೋ ತಿದ್ದಿ ಎಲ್ಲರಿಗೂ ಸೇರಿದ ಒಂದೇ ಫ್ಲಾಪಿಗೆ ಹಾಕಿದರೆ ಉಳಿದವರ ಕೆಲಸ ಕೆಡುತ್ತಿತ್ತು. ಅದಕ್ಕೆ ನಾನೊಂದು ತಪಾಸಣೆ ಪ್ರೋಗ್ರಾಂ ಬರೆದೆ. ಇನ್ನು ಮುಂದೆ ಅದು ಪರೀಕ್ಷಿಸಿ ಒಪ್ಪದೆ ಒಂದು ಸಾಲೂ ಫ್ಲಾಪಿಗೆ ಹೋಗತಕ್ಕದ್ದಲ್ಲವೆಂದು ಘೋಷಿಸಿದೆ.

ಮನೆಯಲ್ಲಿ ಹೆಂಡತಿ ಕೇಳಿದಳು: "ಅಂದ್ರ ಈ ಆಯ್ತಾರ ಚಿತ್ತಾಪುರಕ್ಕ ನಮ್ಮ ತಮ್ಮನ ಮದಿವಿಗಿ ಬರ್ತೀರಲ್ರಿ?"

"ಬರದೇ ಏನು? ಇನ್ನು ಕೆಲಸೆಲ್ಲಾ ಅದೇ ಮಾಡ್ತದ!"

ಮೊದಲ ದಿನವೇ ಅದು ಖಾಜಾಭಾಯಿಯನ್ನು ಹಿಡಿಯಿತು. ಸಾಲು ಉದ್ದವಾಯಿತೆಂದು ಕೀಂಯ್ ಎಂದಿತು. ಗಿಡ್ಡ ಮಾಡಿದರು. ಸಾಲಿನೊಳಗಿನ ಹೆಸರು ಗಿಡ್ಡವಾಯಿತೆಂದು ಮತ್ತೆ ಕೀಂಯ್!

"ಏನ್ರಿ ಇದು, ನಮ್ಮ ಖಾಲಾ, ಅದೇ ನಮ್ಮ ಚಿಕ್ಕಮ್ಮ, ಇದ್ದಂಗದ! ಉಪ್ಪು ಹಾಕಿದ್ರೂ ತಪ್ಪು, ಹಾಕದಿದ್ರೂ ತಪ್ಪು," ಎಂದರು.

ಸಂಜೆಯ ತನಕ ಯಾರ ಸಾಲೂ ಪಾಸಾಗಲಿಲ್ಲ. ಬೈಗುಳ ತಾಳಲಾರದೆ ನಾನೊಂದು ಸುಧಾರಣೆ ತಂದೆ. ತಪ್ಪು ಸಾಲು ಕಂಡರೆ ಕೀಂಯ್ ಎನ್ನುವುದು ಬೇಡ, ಪ್ರೋಗ್ರಾಂ ತಾನೇ ಅಳಿಸಿಬಿಡಲಿ! ಮರುದಿನ ಎಲ್ಲವೂ ಪಾಸಾಯಿತು. ಎಂಥ ಶಾಂತಿ!

ಶುಕ್ರವಾರ ಚಾರ್ಟ್ ಗೋಡೆಗೆ ಹತ್ತಿತು. ಹಿಂದೆಯೇ ಕಾರ್ಮಿಕರು ಬಂದು ನಮ್ಮ ಬಾಗಿಲಿಗೆ ಹತ್ತಿದರು.

"ನಮ್ಮ ವಾರದ ಸೂಟಿ ಎಲ್ಲಿ ಹೋಯ್ತ್ರಿ?"

ಯಾರಿಗೂ ರಜೆ ಇರಲಿಲ್ಲ! ರಜೆ ಕೊಡುವ ಸಾಲನ್ನು ಖಾಜಾಭಾಯಿ ಸ್ವಲ್ಪ ಉದ್ದ ಬರೆದಿದ್ದರು. ನನ್ನ ಪ್ರೋಗ್ರಾಂ ಅದನ್ನು ಶಾಂತವಾಗಿ ಅಳಿಸಿತ್ತು.

ಮ್ಯಾನೇಜರ್ ಸಾಹೇಬರು ಓಡಿ ಬಂದರು. ನಾನು ಗಂಭೀರವಾಗಿ, "ಸರ್, ತಪಾಸಣೆ ಆಗ್ಯದ, ತಪ್ಪು ಇರಲಿಕ್ಕ ಸಾಧ್ಯ ಇಲ್ರಿ," ಎಂದೆ.

"ಹೌದಾ? ಆ ತಪಾಸಣೆದ್ದೇ ತಪಾಸಣೆ ಮಾಡ್ರಿ ನೋಡೋಣ."

ಎಲ್ಲರ ಎದುರಿಗೆ ನನ್ನ ಪ್ರೋಗ್ರಾಮಿಗೆ ನನ್ನ ಪ್ರೋಗ್ರಾಮನ್ನೇ ಉಣಿಸಿದೆ. ಅದು ಒಂದು ಸಾಲು ಅಳಿಸಿತು. ಇನ್ನೊಂದು ಅಳಿಸಿತು. ಪರದೆ ಬೋಳಾಗುತ್ತಾ ಹೋಯಿತು. ಕೊನೆಗೆ ಒಂದೇ ಒಂದು ಸಾಲು ಉಳಿಯಿತು: "ಎಲ್ಲಾ ಓಕೆ" ಎಂದು ತೋರಿಸುವ ಸಾಲು!

ಕಾರ್ಮಿಕರು ನಕ್ಕರು. ಸಾಹೇಬರು ನಗಲಿಲ್ಲ.

ಎಲ್ಲರಿಗೂ ವಾರದ ಸೂಟಿ ಮರಳಿ ಸಿಕ್ಕಿತು. ನನಗೆ ಆ ಭಾನುವಾರವೂ ಸಿಗಲಿಲ್ಲ. ಸಾಹೇಬರ ಅಪ್ಪಣೆಯಂತೆ ಖಾಲಿ ಆಫೀಸಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆದು, ಮುಂದಿನ ವಾರದ ಚಾರ್ಟನ್ನು ಕೈಯಾರೆ ಬರೆದೆ. ಹೆಂಡತಿ ಒಬ್ಬಳೇ ಮದುವೆಗೆ ಹೋಗಿ ಸಂಜೆಗೆ ಬಂದಳು.

"ಅತ್ತಿ ಏನಂದ್ರು?" ಎಂದು ಅಳುಕುತ್ತ ಕೇಳಿದೆ.

"ಅಳಿಯಂದ್ರು ಎಲ್ಲಿ ಅಂದ್ಲು ಅವ್ವ. ಮಾಡಿದ ತಪ್ಪು ತಿದ್ದಲಿಕತ್ತಾರ ಅಂದೆ. 'ಹಂಗಾದ್ರ ಮೊಮ್ಮಕ್ಕಳ ಮದಿವಿಗೂ ಬರಂಗಿಲ್ಲ ಬಿಡು' ಅಂದ್ಲು!"

ಹೀಗೆಂದು ಮದುವೆಯ ಲಾಡು ಕೈಗಿಟ್ಟಳು. ತಪಾಸಣೆ ಮಾಡದೆ ನುಂಗಿದೆ.